ಎಡಗಡೆಯ ಸೀಟು

ಮೇ 20, ಶನಿವಾರ

ಕೂಗಬಾರದಂತೆ. ಬೇಸಿಗೆ ಮುಗಿಯುವವರೆಗೆ ಕೂಗಬಾರದಂತೆ. ಗಂಟಲಿನ ಡಾಕ್ಟರು ನನ್ನ ಬಾಯೊಳಗೆ ದೀಪ ಬಿಟ್ಟು ನೋಡಿ, ಧ್ವನಿಪೆಟ್ಟಿಗೆಗೆ ಗಾಯವಾಗಿದೆ, ಮೆಲ್ಲಗೆ ಮಾತಾಡಿ, ಇಲ್ಲವಾದರೆ ಮಾತೇ ಬೇಡ ಎಂದರು. ಚೆಸ್ಟರ್‌ಫೀಲ್ಡಿನ ಹವ್ಯಾಸಿ ನಾಟಕ ಸಂಘದಲ್ಲಿ ರಾಣಿಯಾಗಿ, ಮಾಟಗಾತಿಯಾಗಿ, ಗಂಡನಿಗೆ ವಿಷವಿಟ್ಟವಳಾಗಿ, ಕೊನೆಯ ಸಾಲಿನ ಕಿವುಡ ಮುದುಕನ ಎದೆಯೂ ನಡುಗುವಂತೆ ಗರ್ಜಿಸಿದ ಈ ಲೊರೇನ್ ಇನ್ನು ಮೇಲೆ ನೋಟುಪುಸ್ತಕದಲ್ಲಿ ಗರ್ಜಿಸಬೇಕು. ಆಗಲಿ. ಕಾಗದವೇ, ಕಿವಿ ಮುಚ್ಚಿಕೋ.

ಮಧ್ಯಾಹ್ನ ಕರಿದ ಮೀನು, ಬೆರಳುದ್ದದ ಆಲೂ ಚಿಪ್ಸ್ ತಂದಿದ್ದೆವು. ನೈಜೆಲ್ ವಿನಿಗರ್ ಬಾಟಲಿಯನ್ನು ಪಕ್ಕಕ್ಕೆ ಸರಿಸಿ ಮೇಜಿನ ಮೇಲೆ ಫ್ರಾನ್ಸಿನ ನಕ್ಷೆ ಹಾಸಿದ. ಈ ನೈಜೆಲ್‌ನನ್ನು ನಾನು ಕಳೆದ ಅಕ್ಟೋಬರಿನಲ್ಲಿ ಮದುವೆಯಾದೆ. ಅವನಿಗೂ ಎರಡನೆಯದು, ನನಗೂ ಎರಡನೆಯದು. ಸಿಟ್ಟೇ ಬಾರದ ಮನುಷ್ಯ. ಅಂಥವನ ಜೊತೆ ಜಗಳವಾಡುವುದು ಗೋಡೆಗೆ ಚೆಂಡು ಎಸೆದ ಹಾಗೆ. ಅಲ್ಲ, ಗೋಡೆಯಾದರೂ ಚೆಂಡನ್ನು ತಿರುಗಿ ಎಸೆಯುತ್ತದೆ. ಆಗಸ್ಟ್ ಐದರ ಸಂಜೆ ಪೋರ್ಟ್ಸ್‌ಮತ್‌ನಲ್ಲಿ ಕಾರಿನ ಸಮೇತ ಹಡಗು ಹತ್ತುವುದು, ಬೆಳಿಗ್ಗೆ ಸೇಂಟ್ ಮಾಲೋದಲ್ಲಿ ಇಳಿಯುವುದು, ನಾಂಟ್ ದಾಟಿ ಲಾ ರೋಷೆಲ್ ಹತ್ತಿರದ ಕಡಲ ತೀರಕ್ಕೆ ಹೋಗಿ ಎರಡು ವಾರ ಗುಡಾರದಲ್ಲಿ ಇರುವುದು. ಹೋಗುವವರು ನಾಲ್ವರು. ನೈಜೆಲ್, ನಾನು, ನನ್ನ ಮಗ ಜೋಯೆಲ್, ಮತ್ತೆ ಅವನ ಮಗಳು.

ಅವನ ಮಗಳು. ಹದಿಮೂರು ವರ್ಷ, ಫ್ರೇಯಾ ಎಂದು ಹೆಸರು. ತಾಯಿಯ ಮನೆಯಿಂದ ವಾರದ ಕೊನೆಗೆ ಈ ಮನೆಗೆ ಬರುತ್ತಾಳೆ, ಬೆಂಕಿ ಬಿದ್ದ ಅಂಗಡಿಗೆ ವಿಮಾ ಕಂಪನಿಯವನು ಬರುವ ಹಾಗೆ: ಎಲ್ಲವನ್ನೂ ನೋಡುತ್ತಾಳೆ, ಏನನ್ನೂ ಮುಟ್ಟುವುದಿಲ್ಲ.

ನಾನು ಸಂತೋಷದಿಂದಲೇ ಹೇಳಿದೆ, ದಾರಿಯುದ್ದಕ್ಕೂ ನೈಜೆಲ್ ಪಕ್ಕ ಕೂತು ನಕ್ಷೆ ನೋಡುವವಳು ನಾನು ಎಂದು. ಅವಳು ಫೋರ್ಕು ಕೆಳಗಿಟ್ಟಳು.

"ಮುಂದಿನ ಸೀಟು ನಂದು."

ಯಾರು ಬರೆದುಕೊಟ್ಟಿದ್ದು ಎಂದು ಕೇಳಿದೆ.

"ಇಲ್ಲಿ ಎಲ್ಲಿ ಬೇಕಾದ್ರೂ ಕೂತ್ಕೊಳ್ಳಿ. ಫ್ರಾನ್ಸಲ್ಲಿ ಅದು ನಂದು. ಬೇಕಾದ್ರೆ ಅಪ್ಪನ್ನ ಕೇಳಿ."

ಅಪ್ಪನನ್ನು ಕೇಳಿದೆ. ಅಪ್ಪ ಒಂದು ಚಿಪ್ಸ್ ಎತ್ತಿಕೊಂಡು ಅದರ ನಾಲ್ಕೂ ಮಗ್ಗಲು ಪರೀಕ್ಷಿಸಿ, "ನೋಡೋಣ," ಎಂದ.

ನೋಡೋಣ. ಈ ದೇಶ ಸಮುದ್ರದಲ್ಲಿ ಮುಳುಗುತ್ತಿದ್ದರೂ ಇವನು ನೋಡೋಣ ಎನ್ನುತ್ತಾನೆ.

ಜೂನ್ 4, ಭಾನುವಾರ

ಹಡಗಿನ ಟಿಕೆಟ್ ಮಾಡಿಸಿದ್ದು ನಾನು. ನೈಜೆಲ್ ಟಿಕೆಟ್ಟಿನ ಅರ್ಜಿಯಲ್ಲಿ ಕಾರಿನ ಎತ್ತರವನ್ನು ಅದರ ಕೈಪಿಡಿಯಲ್ಲಿ ಇದ್ದಂತೆ ಬರೆದು ಕೂತಿದ್ದ. ಕಾರಿನ ತಲೆಯ ಮೇಲೆ ಶವಪೆಟ್ಟಿಗೆಯಂಥ ಒಂದು ಸಾಮಾನಿನ ಪೆಟ್ಟಿಗೆ ಬರುತ್ತದಲ್ಲ ಮಹಾರಾಯ, ಅದರ ಎತ್ತರ ಯಾರಪ್ಪನದು? ಹಡಗಿನ ಬಾಗಿಲಿಗೆ ಪೆಟ್ಟಿಗೆ ಬಡಿದು, ನಮ್ಮ ಒಳಉಡುಪುಗಳು ಬಂದರಿನ ತುಂಬ ಹಾರಾಡಿದ ಮೇಲೆ ನೋಡೋಣವೇ? ಪೊರಕೆ ಹಿಡಿದುಕೊಂಡು ಅಂಗಳಕ್ಕೆ ಹೋಗಿ ಅಳೆದೆ. ಮೆಲ್ಲನೆಯ ದನಿಯಲ್ಲಿ ಬೈಯುವುದು ಎಂಥ ಹಿಂಸೆ ಎಂದು ಯಾವ ಡಾಕ್ಟರಿಗೆ ಗೊತ್ತು.

ಆಮೇಲೆ ಎಲ್ಲರ ಪಾಸ್‌ಪೋರ್ಟ್ ಕೇಳಿ ಪಡೆದು, ಬಿಸ್ಕತ್ತಿನ ಡಬ್ಬಿಗೆ ಹಾಕಿ ಮುಚ್ಚಿಟ್ಟೆ. ಗಡಿ ಎಂದರೆ ಹುಡುಗಾಟವಲ್ಲ, ಯೂರೋಪ್ ಒಕ್ಕೂಟದ ಮನೆಯಿಂದ ನಾವು ಬಾಗಿಲು ಬಡಿದುಕೊಂಡು ಹೊರಬಂದವರು, ಈಗ ಅವರು ಚಿಲಕದ ಸಂದಿಯಿಂದ ನೋಡಿಯೇ ಒಳಗೆ ಬಿಡುತ್ತಾರೆ ಎಂದು ಭಾಷಣ ಮಾಡಿದೆ.

"ಅಮ್ಮಾ, ನೀನು ಕೊನೇ ಸಲ ಗಡಿ ದಾಟಿದ್ದು ವೇಲ್ಸ್‌ಗೆ," ಎಂದ ಜೋಯೆಲ್.

ಹದಿನಾರು ವರ್ಷಕ್ಕೆ ಇಷ್ಟು ನಾಲಿಗೆ. ಅವರ ಮೂವರ ಪಾಸ್‌ಪೋರ್ಟೂ ಹೊಸದು, ನೀಲಿ, ಬ್ಯಾಂಕಿನ ಪಾಸ್‌ಬುಕ್ಕಿನಂತಿದೆ. ನನ್ನದು ಹಳೆಯ ಕಡುಗೆಂಪು. ರಂಗದ ಪರದೆಯ ಬಣ್ಣ. ಬರುವ ಫೆಬ್ರವರಿಯವರೆಗೆ ಚಾಲ್ತಿಯಲ್ಲಿದೆ.

ಜೂನ್ 17, ಶನಿವಾರ

ಹೊರಡುವ ಮೊದಲು ಗುಡಾರವನ್ನು ಹಿತ್ತಲಿನಲ್ಲಿ ಒಮ್ಮೆ ಎತ್ತಿ ನೋಡಬೇಕು. ಈ ಬೀದಿಯಲ್ಲಿ ಎಲ್ಲರೂ ಹಾಗೆ ಮಾಡುತ್ತಾರೆ, ಕೋಲು ಮುರಿದಿದ್ದರೆ ಇಲ್ಲೇ ಗೊತ್ತಾಗಲಿ ಎಂದು. ಹೊಸದು ಕೊಳ್ಳೋಣ ಎಂದರೆ ನೈಜೆಲ್ ಕೇಳಬೇಕಲ್ಲ. ಹಳೆಯದೇ ಚೆನ್ನಾಗಿದೆಯಂತೆ. ಹಳೆಯದು ಎಂದರೆ ಹಿಲರಿಯ ಕಾಲದ್ದು. ಅವನ ಮೊದಲನೆಯವಳು ಮಲಗಿದ್ದ ಗುಡಾರದಲ್ಲಿ ನಾನು ಮಲಗಬೇಕು. ಒಂದು ಕಂಪನಿ ಬಿಟ್ಟುಹೋದ ನಟಿಯ ಬೆವರಿನ ಉಡುಪನ್ನು ಹೊಸಬಳಿಗೆ ತೊಡಿಸಿ, ಹೋಗಮ್ಮ ರಂಗಕ್ಕೆ ಎಂದ ಹಾಗೆ.

ನಾನು ಒಂದು ಗೂಟ ಬಡಿದೆ. ಫ್ರೇಯಾ ಬಂದು ಕಿತ್ತಳು. ಇನ್ನೊಂದು ಬಡಿದೆ. ಅದನ್ನೂ ಕಿತ್ತು, ಒಂದು ಗೇಣು ಆಚೆಗೆ ಓರೆಯಾಗಿ ಬಡಿದಳು. ಕೋಲುಗಳಿಗೆ ಬಣ್ಣದ ಪಟ್ಟಿ ಸುತ್ತಿದ್ದಾರೆ. ಯಾವ ಬಣ್ಣ ಎಲ್ಲಿಗೆ ಎಂಬುದು ಅವಳಿಗೆ ಬಾಯಿಪಾಠ. ಹಸಿರು, ಹಸಿರು, ಅದಲ್ಲ, ಅದು ಬಾಗಿಲಿಂದು ಎಂದು ಅಪ್ಪನಿಗೂ ನನ್ನ ಮಗನಿಗೂ ಆಜ್ಞೆ ಮಾಡುತ್ತಾಳೆ, ಇಬ್ಬರೂ ಕುರಿಗಳಂತೆ ಓಡಾಡುತ್ತಾರೆ. ಪಕ್ಕದ ಮನೆಯ ಆಗ್ಡೆನ್ ಬೇಲಿಯ ಮೇಲೆ ಗದ್ದವಿಟ್ಟು, "ಏನ್ ಲೊರೇನ್, ಗಂಡ ಮನೆಯಿಂದ ಆಚೆ ಹಾಕಿದ್ನಾ?" ಎಂದು ಕೇಳಿದ. ಉತ್ತರ ಗಂಟಲಿಗೆ ಬಂತು. ಗಂಟಲಿನಲ್ಲೇ ಉಳಿಯಿತು.

ನಾನು ಹೋಗಿ ಅಂಗಳದಲ್ಲಿದ್ದ ಕಾರಿನ ಎಡಗಡೆಯ ಸೀಟಿನಲ್ಲಿ ಕೂತೆ. ಸುಮ್ಮನೆ, ತಂಪಿಗೆ. ಹುಡುಗಿ ಬಂದು ಬಾಗಿಲು ತೆರೆದು ನಿಂತಳು.

"ಅಲ್ಲಿ ನೀವು ಕೂತ್ರೆ ಆಗಲ್ಲ. ನಿಮಗೆ ಬರಲ್ಲ."

ನನಗೆ ಬರಲ್ಲ. ಕೂರಲು ಬರಲ್ಲ. ತಾಲೀಮಿಲ್ಲದೆ ಮೂರನೇ ಅಂಕಕ್ಕೆ ಹೋಗಿ ಚಪ್ಪಾಳೆ ಗಿಟ್ಟಿಸಿದ ನನಗೆ, ಕಾರಿನ ಸೀಟಿನಲ್ಲಿ ಕೂರಲು ಬರಲ್ಲ. ಕೂಗಲಿಲ್ಲ, ಡಾಕ್ಟರ ಮೇಲಾಣೆ. ಬಹಳ ಮೆಲ್ಲಗೆ ಹೇಳಿದೆ: "ಈ ಮನೇಲಿ ಮುಂದಿನ ಸೀಟು ಹೆಂಡತಿದು. ಮಕ್ಕಳು ಹಿಂದೆ."

ಅವಳು ನನ್ನ ಮುಖವನ್ನೇ ನೋಡಿದಳು. "ಅಮ್ಮನೂ ಹಿಂಗೇ ಅಂತಿದ್ಲು," ಎಂದಳು. ಬಾಗಿಲನ್ನು ಬಡಿಯಲೂ ಇಲ್ಲ, ಮೆತ್ತಗೆ ಹಾಕಿ ಹೋದಳು. ಬಡಿದಿದ್ದರೆ ಎಷ್ಟೋ ವಾಸಿಯಿತ್ತು.

ಜೂನ್ 18, ಅಪ್ಪಂದಿರ ದಿನ

ನಿನ್ನೆ ರಾತ್ರಿಯೇ ತಾಯಿಯ ಮನೆಗೆ ಹೊರಟುಹೋದ ಫ್ರೇಯಾ ಬೆಳಿಗ್ಗೆ ಫೋನ್ ಮಾಡಿ ಅಪ್ಪನಿಗೆ ಶುಭಾಶಯ ಹೇಳಿದಳಂತೆ. ಫ್ರಾನ್ಸಿಗೆ ಬರುವುದಿಲ್ಲ ಎಂದೂ ಹೇಳಿದಳಂತೆ.

ಹೆದರಿಸುತ್ತಾಳೆ, ಬಿಡು, ಬರುತ್ತಾಳೆ ಎಂದೆ. ನೈಜೆಲ್ ಟೀ ಲೋಟ ತೊಳೆಯುತ್ತಿದ್ದ. ಬೆನ್ನು ತಿರುಗಿಸಿಕೊಂಡೇ ಹೇಳಿದ: "ಅವಳು ಬರ್ದಿದ್ರೆ ನಾನೂ ಹೋಗಲ್ಲ, ಲೊರೇನ್."

ನೋಡೋಣ ಎನ್ನಲಿಲ್ಲ.

ಅವನಿಗೆ ಕೇಳಿಸಲೆಂದು ಕೊಠಡಿಯಿಂದ ಕೊಠಡಿಗೆ ನಡೆದೆ, ಬಾಗಿಲುಗಳನ್ನು ನಾನೇ ಬಡಿದೆ. ಇದು ರಜೆಯ ಮಾತಲ್ಲ, ಅಷ್ಟು ಬುದ್ಧಿ ನನಗಿದೆ. ನಾಲ್ಕು ಜನ ಎರಡು ವಾರ ಒಂದು ಗುಡಾರದಲ್ಲಿ ಇರಲಾಗದಿದ್ದರೆ, ಮುಂದಿನ ಹತ್ತು ವರ್ಷ ಒಂದು ಮನೆ ಎಂದು ಹೇಳಿಕೊಳ್ಳುವುದು ಹೇಗೆ? ಒಬ್ಬ ಗಂಡನನ್ನು ಕಳೆದುಕೊಂಡವಳು ನಾನು. ಎರಡನೆಯವನನ್ನು ಒಂದು ಕಾರಿನ ಸೀಟಿಗೆ ಕಳೆದುಕೊಂಡೆ ಎಂದರೆ ನಾಟಕ ಸಂಘದವರು ಪ್ರಹಸನ ಮಾಡಿ ಆಡುತ್ತಾರೆ.

ಜೂನ್ 24, ಶನಿವಾರ

ಹಿಲರಿಯ ಮನೆಗೆ ಹೋದೆ. ಹೌದು, ನಾನೇ. ನನ್ನ ಪುಟ್ಟ ಕೆಂಪು ಕಾರಿನಲ್ಲಿ, ಹಳ್ಳಿಗಳ ನಡುವಿನ ದಾರಿ ಹಿಡಿದು. ಹೆದ್ದಾರಿಗೆ ನಾನು ಹೋಗುವುದಿಲ್ಲ, ಆ ಲಾರಿಗಳ ಮೆರವಣಿಗೆ ನನಗೆ ಸೇರುವುದಿಲ್ಲ. ಅದು ನನ್ನ ಇಷ್ಟ, ಹೆದರಿಕೆಯಲ್ಲ.

ಹಿಲರಿ ಬಾಗಿಲು ತೆರೆದು ಟೀ ಕುಡಿಯುತ್ತೀರಾ ಎಂದಳು. ನಮ್ಮಲ್ಲಿ ವೈರಿಗಳು ಕತ್ತಿ ಹಿರಿಯುವುದಿಲ್ಲ, ಕೆಟಲ್ ಇಡುತ್ತಾರೆ. ಹುಡುಗಿ ಹಿತ್ತಲಿನಲ್ಲಿದ್ದಳು. ಬರುವಾಗ ದಾರಿಯುದ್ದಕ್ಕೂ ಒಂದು ಭಾಷಣ ಕಟ್ಟಿದ್ದೆ. ಮೊದಲ ವಾಕ್ಯಕ್ಕೇ ಗಂಟಲು ಕೈಕೊಟ್ಟಿತು. ಹಾಗಾಗಿ, ಬೇರೆ ದಾರಿಯಿಲ್ಲದೆ, ಒಂದೇ ಪ್ರಶ್ನೆ ಕೇಳಿದೆ: ಆ ಸೀಟಿನಲ್ಲಿ ಕೂತು ನೀನು ಮಾಡುವುದಾದರೂ ಏನು?

ಹುಡುಗಿ ಒಳಗಿಂದ ಎರಡು ಅಡುಗೆಮನೆ ಕುರ್ಚಿ ತಂದು ಹುಲ್ಲಿನ ಮೇಲೆ ಅಕ್ಕಪಕ್ಕ ಇಟ್ಟಳು. ಬಲಗಡೆಯದರಲ್ಲಿ ಕೂರಿ ಎಂದಳು, ಅದು ಅಪ್ಪಂದು. ಮಣ್ಣು ಹೊರುವ ಕೈಗಾಡಿಯನ್ನು ತಳ್ಳಿಕೊಂಡು ಬಂದು ನನ್ನ ಮೂಗಿನ ಮುಂದೆ ನಿಲ್ಲಿಸಿ, ಅದರ ಮೇಲೆ ಕಸದ ಡಬ್ಬಿ ಏರಿಸಿದಳು.

"ಇದು ಲಾರಿ. ಅಲ್ಲಿ ಎಲ್ಲರೂ ರಸ್ತೆಯ ಬಲಗಡೆ ಹೋಗೋದು. ನಮ್ಮ ಕಾರಿನ ಸ್ಟೀರಿಂಗೂ ಬಲಗಡೆನೇ ಇದೆ. ಈಗ ಏನ್ ಕಾಣ್ಸುತ್ತೆ?"

"ಲಾರಿ."

"ಲಾರಿಯಿಂದ ಆಚೆ?"

"ಏನೂ ಇಲ್ಲ."

"ಅಷ್ಟೇ. ಅಪ್ಪನಿಗೂ ಏನೂ ಕಾಣ್ಸಲ್ಲ. ನಂಗೆ ಕಾಣ್ಸುತ್ತೆ." ಅವಳು ಎಡಗಡೆಯ ಕುರ್ಚಿಯಲ್ಲಿ ಕೂತು, ಕತ್ತನ್ನು ಒಂದಿಷ್ಟು ಚಾಚಿ ಡಬ್ಬಿಯ ಆಚೆ ನೋಡಿದಳು. "ನಾನು ನೋಡಿ, ಖಾಲಿ ಇದೆ, ಹೋಗು ಅಂದ್ರೆ ಮಾತ್ರ ಅಪ್ಪ ಲಾರಿ ದಾಟೋದು. ಇಲ್ಲ ಅಂದ್ರೆ ಇಲ್ಲ. ಟೋಲ್ ಗೇಟಲ್ಲಿ ಚೀಟಿ ತಗೊಳ್ಳೋದೂ ಈ ಕಡೆಯಿಂದ. ಅಮ್ಮನಿಗೆ ಭಯ ಆಗ್ತಿತ್ತು. ಕಣ್ಣು ಮುಚ್ಕೊಂಡ್ಬಿಡ್ತಿದ್ಲು. ಅದಕ್ಕೆ ನಂಗೆ ಹತ್ತು ತುಂಬಿದ ತಕ್ಷಣ ಅಪ್ಪ ನನ್ನ ಮುಂದೆ ಕೂರ್ಸಿದ್ದು."

ನಾನೂ ಮಾಡಬಲ್ಲೆ ಎಂದೆ. ಜಾಗ ಬದಲಾಯಿಸಿದೆವು. ಅವಳು ಒಂದು ಹೂಕುಂಡ ಎತ್ತಿಕೊಂಡು ಎದುರಿನಿಂದ ಕಾರಾಗಿ ಬರತೊಡಗಿದಳು. ನಾನು ಗಂಭೀರವಾಗಿ ನೋಡಿ, ಅಳೆದು, ತೂಗಿ, ಹೋಗು ಎಂದೆ.

"ಸತ್ವಿ," ಎಂದಳು.

ಮತ್ತೆ ಆಡಿದೆವು. "ಮತ್ತೆ ಸತ್ವಿ. ಈ ಸಲ ಜೋಯೆಲ್ ಒಬ್ಬ ಉಳ್ಕೊಂಡ."

ಹಿಲರಿ ಕಿಟಕಿಯಿಂದ ನೋಡುತ್ತಿದ್ದಳು. ಅವಳ ಎದುರಿಗೆ ನಾನು ಅಷ್ಟು ಸಲ ಸತ್ತೆನಲ್ಲ, ಅದಕ್ಕೆ ಹೊಟ್ಟೆ ಉರಿಯುತ್ತದೆ.

ಕೊನೆಗೆ ಒಪ್ಪಂದವಾಯಿತು. ಹೆದ್ದಾರಿಯೆಲ್ಲ ಅವಳಿಗೆ. ಕೊನೆಯ ಹಳ್ಳಿಯಿಂದ ಕಡಲಿನವರೆಗಿನ ಸಣ್ಣ ದಾರಿ ನನಗೆ. "ಅಲ್ಲಿ ಲಾರಿ ಬರಲ್ಲ. ಅಲ್ಲಿ ನೀವು ಕೂತ್ಕೋಬಹುದು," ಎಂದಳು. ರಾಣಿಗೆ ಸಿಕ್ಕಿದ ರಾಜ್ಯ: ಒಂದು ಗಾಡಿ ಜಾಡು. ಒಪ್ಪಿಕೊಂಡೆ, ಆದರೆ ನನ್ನ ಸಿಟ್ಟು ಇಳಿದಿದೆ ಎಂದು ಯಾರೂ ತಿಳಿಯಬೇಕಿಲ್ಲ.

ಜುಲೈ 13, ಗುರುವಾರ

ರಕ್ತ ಕುದಿಯುತ್ತಿದೆ. ಫ್ರೇಯಾಳ ಶಾಲೆಯ ವರ್ಷಾಂತ್ಯದ ನಾಟಕ. ಹಿಲರಿಗೆ ಕೆಲಸವಂತೆ. ನೈಜೆಲ್ ದಾರಿಯಲ್ಲಿ ವಾಹನಗಳ ಸಾಲಿನಲ್ಲಿ ಸಿಕ್ಕಿಬಿದ್ದು ಕೊನೆಯ ಅಂಕಕ್ಕೆ ಬಂದ. ಹಾಗಾಗಿ ಮುಂದಿನ ಸಾಲಿನಲ್ಲಿ ನಾನೊಬ್ಬಳೇ ಕೂತಿದ್ದೆ.

ಹುಡುಗಿ ರಂಗದ ಮೇಲೆ ಎಲ್ಲೂ ಕಾಣಲಿಲ್ಲ. ಗೋಣಿಚೀಲ ಸುತ್ತಿಕೊಂಡ ಮರಗಳ ಮುಖವನ್ನೂ ಒಂದೊಂದಾಗಿ ನೋಡಿದೆ, ಇರಲಿಲ್ಲ. ರಾಜಕುಮಾರನಾಗಿದ್ದ ಉದ್ದಕಾಲಿನ ಹುಡುಗ ಎರಡನೇ ಅಂಕದಲ್ಲಿ ಬಾಯಿ ಬಿಟ್ಟು ನಿಂತ. ಮಾತು ಮರೆತ. ಆ ಮೌನ ನನಗೆ ಗೊತ್ತು, ಅದರಲ್ಲಿ ನಾನೂ ಮುಳುಗಿ ಎದ್ದಿದ್ದೇನೆ. ಆಗ ಪಕ್ಕದ ಪರದೆಯ ಹಿಂದಿನಿಂದ ಒಂದು ದನಿ ಬಂತು, ಮೂರೇ ಶಬ್ದ, ಅವನಿಗಷ್ಟೇ ಕೇಳುವಷ್ಟು, ಮೊದಲ ಸಾಲಿನಲ್ಲಿದ್ದ ನನಗೆ ಮಾತ್ರ ತಿಳಿಯುವಷ್ಟು. ಹುಡುಗ ಹಿಡಿದುಕೊಂಡ, ನಾಟಕ ಹರಿಯಿತು. ಪ್ರಾಂಪ್ಟರ್. ನಮ್ಮ ಹುಡುಗಿ ಪ್ರಾಂಪ್ಟರ್. ಅರ್ಧ ಡಜನ್ ಸಲ ಆ ನಾಟಕವನ್ನು ಮುಳುಗದಂತೆ ಹಿಡಿದಳು, ಒಂದು ಸಲವೂ ಅವಸರ ಮಾಡಲಿಲ್ಲ, ಒಂದು ಸಲವೂ ತಡ ಮಾಡಲಿಲ್ಲ.

ಕೊನೆಗೆ ಎಲ್ಲರೂ ಬಂದು ಬಾಗಿದರು. ಮರಗಳೂ ಬಾಗಿದವು. ಅವಳನ್ನು ಕರೆಯಲೇ ಇಲ್ಲ. ಮೇಷ್ಟರ ಹತ್ತಿರ ನೆಟ್ಟಗೆ ಹೋಗಿ, ಕೂಗಲಾರದ ಗಂಟಲಿನಲ್ಲಿ ಬುಸುಗುಟ್ಟಿದೆ: ಮರಕ್ಕೆ ಚಪ್ಪಾಳೆ ಇದೆ, ಮಾತು ಕೊಟ್ಟವಳಿಗೆ ಇಲ್ಲವೇ? ಆತ ಎರಡು ಹೆಜ್ಜೆ ಹಿಂದೆ ಹೋದ.

ಕಾರಿನಲ್ಲಿ ಅವಳು, ನೀವು ಮೇಷ್ಟರಿಗೆ ಏನಂದ್ರಿ, ಅವರು ಬೆವರ್ತಿದ್ರು ಎಂದು ಕೇಳಿದಳು. ಹವಾಮಾನದ ಬಗ್ಗೆ ಮಾತಾಡಿದೆ ಎಂದೆ.

ಜುಲೈ 22, ಶನಿವಾರ

ಸಾಮಾನು ಕಟ್ಟುವುದು. ಜೋಯೆಲ್ ಗಿಟಾರು ತರುತ್ತಾನಂತೆ, ತರಲಿ, ತನ್ನ ಹಾಸಿಗೆ ಬಿಟ್ಟು ಬರಲಿ. ನೈಜೆಲ್ ಟೀ ಪುಡಿಯ ಪೊಟ್ಟಣಗಳನ್ನು ಕಡಿಮೆ ಹಾಕಿದ್ದಾನೆ. ಫ್ರೆಂಚರ ಟೀ ಕುಡಿಯುವುದಕ್ಕಿಂತ ಸಮುದ್ರದ ನೀರು ಕುಡಿಯಬಹುದು. ಆಚೆ ದೇಶದಲ್ಲಿ ಎದುರಿನವರ ಕಣ್ಣು ಕುಕ್ಕದಂತೆ ಕಾರಿನ ದೀಪಕ್ಕೆ ಅಂಟಿಸುವ ಪಟ್ಟಿಯನ್ನು ಫ್ರೇಯಾ ನಿನ್ನೆಯೇ ಅಂಟಿಸಿದ್ದಾಳೆ. ಹಾಗಾಗಿ ಬೈಯಲು ಅಲ್ಲೇನೂ ಸಿಗಲಿಲ್ಲ.

ಆಗಸ್ಟ್ 1, ಮಂಗಳವಾರ

ಕಡುಗೆಂಪು. ರಂಗದ ಪರದೆಯ ಬಣ್ಣ. ಬೆಂಕಿ ಬೀಳಲಿ ಆ ಬಣ್ಣಕ್ಕೆ.

ಹಡಗಿನ ಕಂಪನಿಗೆ ಎಲ್ಲರ ಪಾಸ್‌ಪೋರ್ಟ್ ವಿವರ ಕಳಿಸಬೇಕಿತ್ತು. ಫ್ರೇಯಾ ಶಾಲೆಯ ರಜೆಗೆಂದು ಇಲ್ಲೇ ಇದ್ದಾಳೆ, ತಾನು ಮಾಡುತ್ತೇನೆ ಎಂದು ಡಬ್ಬಿ ತೆಗೆದುಕೊಂಡು ಹೋದಳು. ಸ್ವಲ್ಪ ಹೊತ್ತಿಗೆ ನನ್ನದೊಂದನ್ನೇ ಹಿಡಿದುಕೊಂಡು ಅಡುಗೆಮನೆಗೆ ಬಂದು ಬಾಗಿಲಲ್ಲಿ ನಿಂತಳು.

"ಇದು ನಡೆಯಲ್ಲ ಲೊರೇನ್."

ಫೆಬ್ರವರಿಯವರೆಗೆ ಇದೆ ಎಂದೆ.

"ಮುಗಿಯೋ ತಾರೀಖು ಅಲ್ಲ. ಕೊಟ್ಟ ತಾರೀಖು ನೋಡಿ. ಹಡಗಿಂದ ಇಳಿಯೋ ದಿನ ಅದಕ್ಕೆ ಹತ್ತು ವರ್ಷ ತುಂಬಿರಬಾರದು. ನನ್ನ ಗೆಳತಿ ಅಪ್ಪನ್ನ ಹಿಂಗೇ ವಾಪಸ್ ಕಳಿಸಿದ್ರು."

ಕೊಟ್ಟದ್ದು ಹತ್ತು ವರ್ಷದ ಹಿಂದಿನ ಮೇ ತಿಂಗಳು. ಹಿಂದೆಲ್ಲ ಹಳೆಯದರಲ್ಲಿ ಉಳಿದ ತಿಂಗಳುಗಳನ್ನು ಹೊಸದಕ್ಕೆ ಸೇರಿಸಿ ಕೊಡುತ್ತಿದ್ದರು, ಫೆಬ್ರವರಿ ಬಂದದ್ದು ಹಾಗೆ. ನಮ್ಮವರಿಗೆ ಆ ತಿಂಗಳುಗಳು ಲೆಕ್ಕಕ್ಕೆ ಇವೆ. ಆಚೆ ದಡದವರಿಗೆ ಇಲ್ಲ. ನಾನು ಕೇಳಿದ್ದೆ ಆ ಸುದ್ದಿಯನ್ನು, ಕೇಳಿ, ಯಾವನೋ ಪೆದ್ದನ ಕಥೆ ಎಂದು ನಕ್ಕಿದ್ದೆ. ಡಬ್ಬಿ ಮುಚ್ಚಿಟ್ಟವಳು ನಾನು. ಭಾಷಣ ಮಾಡಿದವಳು ನಾನು.

ಯಾರ ಮೇಲೆ ಕೂಗಲಿ? ಜೋಯೆಲ್ ಮೇಲೆ ಕೂಗಿದೆ, ಅವನು ಗಿಟಾರು ಬಾರಿಸುತ್ತಿದ್ದ ಎಂದು. ಗಂಟಲಿನ ಗಾಯ ಬಾಯಿ ತೆರೆಯಿತು. ಈಗ ಬಿಸಿನೀರು, ಉಪ್ಪು.

ಒಂದು ಮಾತು ಬಿಡದೆ ಕೊರೆಯುತ್ತಿದೆ. ಅವಳು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಶನಿವಾರ ಬಂದರಿನಲ್ಲಿ ನನ್ನನ್ನು ಇಳಿಸಿಬಿಡುತ್ತಿದ್ದರು. ಅಪ್ಪ, ಕಾರು, ಸೀಟು, ಕೊನೆಯ ಗಾಡಿ ಜಾಡಿನ ಸಮೇತ ಎಲ್ಲ ಅವಳದಾಗುತ್ತಿತ್ತು.

ಆಗಸ್ಟ್ 2, ಬುಧವಾರ

ತುರ್ತು ಪಾಸ್‌ಪೋರ್ಟಿಗೆ ಸಿಕ್ಕ ದಿನ ಸೋಮವಾರ. ಹಡಗು ಶನಿವಾರ. ಎಲ್ಲರೂ ನನ್ನ ಹತ್ತಿರ ಮೆಲ್ಲಗೆ ಮಾತಾಡುತ್ತಿದ್ದಾರೆ. ಬೈದರೆ ತಡೆದುಕೊಳ್ಳುತ್ತಿದ್ದೆ.

ಆಗಸ್ಟ್ 3, ಗುರುವಾರ

ಊಟದ ಮೇಜಿನಲ್ಲಿ ಪಂಚಾಯಿತಿ ಕೂತಿತು. ಮುಂದಿನ ವಾರದ ಹಡಗುಗಳಲ್ಲಿ ನಾಲ್ವರಿಗೆ ಮಲಗುವ ಕೋಣೆಯೂ ದೊಡ್ಡ ಕಾರಿಗೆ ಜಾಗವೂ ಒಟ್ಟಿಗೆ ಸಿಗುವುದಿಲ್ಲ. ಭಾನುವಾರ ಸಂಜೆಯೊಳಗೆ ಯಾರೂ ಹೋಗದಿದ್ದರೆ ಗುಡಾರದ ಜಾಗವನ್ನು ಬೇರೆಯವರಿಗೆ ಕೊಡುತ್ತಾರೆ. ನೈಜೆಲ್ ಎಲ್ಲವನ್ನೂ ಕೈಬಿಡೋಣ ಎಂದ. ಬೇಡ, ನೀವು ಮೂವರೂ ಹೋಗಿ ಎಂದೆ. ನನಗೆ ಗುಡಾರ ಎಂದರೇ ಆಗದು, ಮನೆಯಲ್ಲಿ ನೆಮ್ಮದಿಯಾಗಿರುತ್ತೇನೆ ಎಂದು ಚೆನ್ನಾಗಿ ಅಭಿನಯಿಸಿದೆ. ಯಾರೂ ನಂಬಲಿಲ್ಲ. ಸಂಘದಲ್ಲಿ ನನಗೆ ಯಾಕೆ ಪಾತ್ರ ಕೊಡುತ್ತಾರೋ.

"ಅಮ್ಮ, ಪಾಸ್‌ಪೋರ್ಟ್ ಬಂದ್ಮೇಲೆ ನಿನ್ನ ಕಾರಲ್ಲಿ ಬಾ," ಎಂದ ಜೋಯೆಲ್. "ಮಂಗಳವಾರದ ಹಡಗಲ್ಲಿ ಸಣ್ಣ ಕಾರಿಗೆ ಜಾಗ ಇದೆ."

ನಾನು ತಟ್ಟೆ ನೋಡಿದೆ. ನೈಜೆಲ್ ತಟ್ಟೆ ನೋಡಿದ. ಚೆಸ್ಟರ್‌ಫೀಲ್ಡಿನ ಸುತ್ತುರಸ್ತೆಗೆ ಬೆವರುವವಳು ತಪ್ಪು ಬದಿಯ ರಸ್ತೆಯಲ್ಲಿ ಫ್ರಾನ್ಸಿನ ಅರ್ಧ ದೇಶ ದಾಟುವುದೇ? ಹೆದರಿಕೆ ಎಂಬ ಶಬ್ದವನ್ನು ನಾನು ಹೇಳಲಿಲ್ಲ. ಈ ಪುಸ್ತಕದಲ್ಲೂ ಹೇಳಿರಲಿಲ್ಲ. ಈಗ ಬರೆದಿದ್ದೇನೆ, ಓದಿಕೋ.

ಆಗ ಫ್ರೇಯಾ ಬಟಾಣಿ ಕೆದಕುತ್ತಾ ಹೇಳಿದಳು, "ಲೊರೇನ್‌ಗೆ ಲಾರಿ ಆಚೆ ಕಾಣ್ಸಲ್ಲ ಅಪ್ಪ. ಒಬ್ಬಳೇ ಬರೋಕಾಗಲ್ಲ. ನಾನು ಇಲ್ಲೇ ಇದ್ದು ಅವಳ ಜೊತೆ ಬರ್ತೀನಿ."

ನೈಜೆಲ್ ಕೇಳಿದ, "ಮತ್ತೆ ನಂಗೆ?"

"ಜೋಯೆಲ್‌ಗೆ ಕಲಿಸ್ತೀನಿ. ಕುರ್ಚಿ ಎತ್ಕೊಂಡು ಬಾ ಜೋಯೆಲ್."

ಊಟ ಅರ್ಧಕ್ಕೇ ನಿಂತಿತು. ಕಿಟಕಿಯಿಂದ ನೋಡಿದೆ. ನನ್ನ ಮಗ ಕತ್ತು ಚಾಚಿ ಕೂತಿದ್ದಾನೆ, ಅವಳು ಹೂಕುಂಡ ಹಿಡಿದು ಓಡಿ ಬರುತ್ತಿದ್ದಾಳೆ. ಅವನು ಮೂರೇ ಸಲ ಸತ್ತ. ನನಗಿಂತ ಕಡಿಮೆ. ಅದಕ್ಕೂ ಸಿಟ್ಟು ಬಂತು.

ಆಗಸ್ಟ್ 6, ಭಾನುವಾರ

ಗಂಡಸರು ತಲುಪಿದರಂತೆ. ಗುಡಾರದ ಹಸಿರು ಕೋಲು ಬಾಗಿಲಿಗೆ ಹಾಕಿ ಒಂದು ಗಂಟೆ ಒದ್ದಾಡಿದರಂತೆ. ಫ್ರೇಯಾ ಫೋನಿನಲ್ಲಿ ಹತ್ತು ನಿಮಿಷ ನಕ್ಕಳು.

ದಿನವಿಡೀ ಹಿತ್ತಲಿನಲ್ಲಿ ತಾಲೀಮು. ನಾನು ಬಲಗಡೆಯ ಕುರ್ಚಿ, ಅವಳು ಎಡಗಡೆಯದು, ನನ್ನ ಕೈಯಲ್ಲಿ ಸ್ಟೀರಿಂಗ್‌ಗೆ ಬದಲು ತಟ್ಟೆ. ಆಗ್ಡೆನ್‌ನನ್ನು ಬೇಲಿಯಿಂದ ಈಚೆ ಕರೆದು ಅವನನ್ನೇ ಲಾರಿ ಮಾಡಿದಳು. ಆ ಮನುಷ್ಯ ಮೊದಲ ಸಲ ಈ ಬೀದಿಗೆ ಉಪಯೋಗಕ್ಕೆ ಬಂದ. ನಾನು ಅವಳ ಮಾತಿಗೆ ಮೊದಲೇ ನುಗ್ಗುತ್ತೇನೆ ಎಂಬುದು ಅವಳ ದೂರು.

"ನೀನು ಯಾಕೆ ಕಾಯಲ್ಲ? ನಾನು ಹೇಳೋವರೆಗೆ ಆ ಕಡೆ ಏನೂ ಇಲ್ಲ ಅಂದ್ಕೋ. ನಿಂಗೆ ಮಾತು ಮರೆತುಹೋಗಿದೆ, ನಾನು ಕೊಡ್ತೀನಿ. ಅಷ್ಟೇ."

ಇಪ್ಪತ್ತು ವರ್ಷದಲ್ಲಿ ಯಾವ ನಿರ್ದೇಶಕನೂ ನನಗೆ ಹೀಗೆ ಹೇಳಿ ಉಳಿದಿಲ್ಲ. ಕಾದೆ. ಆಗ್ಡೆನ್ ಲಾರಿಯನ್ನು ದಾಟಿದೆ. ಯಾರೂ ಸಾಯಲಿಲ್ಲ.

ಸಂಜೆ ಹಿಲರಿಗೆ ಅವಳೇ ಫೋನ್ ಮಾಡಿ, ಮಗಳು ನನ್ನ ಜೊತೆ ಗಡಿ ದಾಟಲು ಒಪ್ಪಿಗೆ ಎಂದು ಬರೆದುಕೊಡಲು ಹೇಳಿದಳು. ಹಿಲರಿ ಏನು ಕೇಳಿದಳೋ. "ಇಲ್ಲಮ್ಮ," ಎಂದಳು ಇವಳು, "ಕಣ್ಣು ಮುಚ್ಕೊಳ್ಳಲ್ಲ. ಬೈತಾಳೆ, ಆದ್ರೆ ಕಣ್ಣು ಮುಚ್ಕೊಳ್ಳಲ್ಲ."

ಆಗಸ್ಟ್ 7, ಸೋಮವಾರ

ಬಂತು. ನೀಲಿ. ಬ್ಯಾಂಕಿನ ಪಾಸ್‌ಬುಕ್ಕೇ. ಫೋಟೋದಲ್ಲಿ ನಾನು ಯಾರನ್ನೋ ಕೊಲ್ಲಲು ಹೊರಟಂತಿದ್ದೇನೆ. ಕೊಟ್ಟ ತಾರೀಖನ್ನು ಫ್ರೇಯಾ ಎರಡು ಸಲ ಓದಿ ಡಬ್ಬಿಗೆ ಹಾಕಿದಳು. ಡಬ್ಬಿ ಈಗ ಅವಳ ಹತ್ತಿರ ಇದೆ. ಇಸಿದುಕೊಳ್ಳಲು ನೋಡಿದೆ, ಕೊಡಲಿಲ್ಲ.

ಆಗಸ್ಟ್ 8, ಮಂಗಳವಾರ. ಪೋರ್ಟ್ಸ್‌ಮತ್, ಹಡಗಿನ ಸಾಲು

ಹೆದ್ದಾರಿಯಲ್ಲೇ ಬಂದೆವು. ಬೇರೆ ದಾರಿಯಿಲ್ಲ ಎಂದು ನಕ್ಷೆ ಹಿಡಿದವಳ ತೀರ್ಪು. ಅದು ಸುಳ್ಳು, ದಾರಿಗಳು ಇದ್ದವು, ನಾನು ಫಲಕ ನೋಡಿದೆ. ಅಂಗಿಯ ಬೆನ್ನು ಒದ್ದೆಯಾಗಿ ಸೀಟಿಗೆ ಅಂಟಿದೆ. ಆ ಲಾರಿಗಳವರಿಗೆಲ್ಲ ಒಂದೇ ಸಲ ಪಂಕ್ಚರ್ ಆಗಲಿ.

ಈಗ ಗಡಿಯ ಗೂಡಿನಲ್ಲಿ ನಡೆದದ್ದನ್ನು ಕೇಳು. ಕಾವಲಿನ ಹೆಂಗಸು ಎರಡು ಪಾಸ್‌ಪೋರ್ಟ್ ನೋಡಿದಳು, ಎರಡು ಬೇರೆ ಮನೆತನದ ಹೆಸರು ನೋಡಿದಳು, ಹಿಲರಿ ಬರೆದುಕೊಟ್ಟದ್ದನ್ನು ಓದಿದಳು. ಬಗ್ಗಿ ಹುಡುಗಿಯನ್ನು ಕೇಳಿದಳು, "ಇವರು ನಿಂಗೆ ಏನಾಗ್ಬೇಕು ಪುಟ್ಟಾ?"

ನಾನು ಎದೆ ತುಂಬ ಉಸಿರೆಳೆದುಕೊಂಡೆ. ಈ ಪ್ರಶ್ನೆಗೆ ಭಾಷಣ ಸಿದ್ಧವಿತ್ತು, ಗಂಟಲು ಹೋದರೂ ಸರಿ ಎಂದಿದ್ದೆ. ಅಷ್ಟರಲ್ಲಿ ಇವಳು ನಕ್ಷೆಯಿಂದ ತಲೆಯೆತ್ತದೆ ಹೇಳಿದಳು:

"ನಮ್ಮ ಡ್ರೈವರ್. ಹೊಸಬಳು. ನಾನೇ ಕಲಿಸ್ತಾ ಇದ್ದೀನಿ."

ಡ್ರೈವರಂತೆ. ಹೊಸಬಳಂತೆ. ಊರಿನ ಟೌನ್ ಹಾಲಿನಲ್ಲಿ ಕಿರೀಟ ಹೊತ್ತವಳನ್ನು, ಎರಡು ದೇಶಗಳ ಗಡಿಯಲ್ಲಿ ನಿಲ್ಲಿಸಿ ಡ್ರೈವರ್ ಎಂದಳು. ಆ ಹೆಂಗಸು ನಕ್ಕಳು. ನಾನು ನಗಲಿಲ್ಲ. ಫ್ರಾನ್ಸ್ ಮುಟ್ಟಲಿ, ಕೊನೆಯ ಹಳ್ಳಿ ಬರಲಿ, ಆ ಗಾಡಿ ಜಾಡು ಒಪ್ಪಂದದ ಪ್ರಕಾರ ನನ್ನದು, ಅಲ್ಲಿ ಆ ಸೀಟಿನಲ್ಲಿ ನಾನೇ...

ನಾನು ಅಲ್ಲಿ ಕೂತರೆ ಸ್ಟೀರಿಂಗ್ ಹಿಡಿಯುವವರು ಯಾರು? ಅದನ್ನು ಯೋಚಿಸಿರಲಿಲ್ಲ. ಕೇಳಿದೆ. ಅದಕ್ಕೆ, ಆ ಜಾಡನ್ನ ಬರೋ ವರ್ಷಕ್ಕೆ ಇಟ್ಕೋ ಎನ್ನುತ್ತಾಳೆ. ಬರೋ ವರ್ಷವಂತೆ. ಇವಳ ಠೇಂಕಾರಕ್ಕೆ ಎಣೆಯಿಲ್ಲ.

ಮುಂದಿನ ಕಾರುಗಳ ಕೆಂಪು ದೀಪಗಳು ಆರಿದವು. ಹಳದಿ ಅಂಗಿಯವನು ಕೈ ಬೀಸುತ್ತಿದ್ದಾನೆ, ನನಗೋ ಪಕ್ಕದ ಸಾಲಿನವನಿಗೋ ತಿಳಿಯದು. ನಡುವೆ ಒಂದು ದೊಡ್ಡ ಲಾರಿ ಅಡ್ಡ ನಿಂತಿದೆ. ಕಾಯುತ್ತಿದ್ದೇನೆ. ಎಡಗಡೆಯವಳು ಕತ್ತು ಚಾಚಿ ನೋಡುತ್ತಾ, ಒಂದು ಕೈಯನ್ನು ಈ ಪುಟದ ಮೇಲೆ ಇಟ್ಟಿದ್ದಾಳೆ.

"ಬರ್ದಿದ್ದು ಸಾಕು ಲೊರೇನ್. ಖಾಲಿ ಇದೆ. ಹೋಗು."